ಬಸವನಗುಡಿಯಲ್ಲಿ ಸ್ನೋ ಮೋಡ್

ನಮ್ಮ ಷಡ್ಡಕರು ಹೊಸ ಗಾಡಿ ತಗೊಂಡಿದ್ದಾರೆ. ಫೋರ್ ಬೈ ಫೋರ್. ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಬೆಲೆ ಹೇಳಲಿಲ್ಲ, ಇಎಂಐ ಮಾತ್ರ ಹೇಳಿದರು. ಅದು ನಮ್ಮ ಮನೆ ಬಾಡಿಗೆಗಿಂತ ಜಾಸ್ತಿ. ಯಾವ ಕಂಪನಿಯದು ಅಂತ ನಾನು ಹೇಳುವುದಿಲ್ಲ. ಸಂಬಂಧ ಉಳಿಯಬೇಕು ನೋಡಿ.

ಗೇರಿನ ಪಕ್ಕದಲ್ಲಿ ಒಂದು ಬಟನ್ ಇದೆ. ಒತ್ತುತ್ತಾ ಹೋದರೆ ಸ್ನೋ, ಸ್ಯಾಂಡ್, ಮಡ್ ಅಂತ ಮೂರು ಮೋಡ್ ಬರುತ್ತವೆ. "ಸ್ನೋ ಯಾಕೆ ಭಾವ?" ಅಂದೆ. ಭಾವನ ಮನೆ ಇರುವುದು ಬಸವನಗುಡಿಯಲ್ಲಿ. ಅಲ್ಲಿ ಮೇಲಿನಿಂದ ಬೆಳ್ಳಗೆ ಏನಾದರೂ ಬಿದ್ದರೆ ಒಂದೋ ಏಪ್ರಿಲ್‌ನ ಆಲಿಕಲ್ಲು, ಇಲ್ಲವೇ ಪಾರಿವಾಳದ ಪ್ರಸಾದ. "ಇರಲಿ ಕಣಯ್ಯ, ಟಾಪ್ ಎಂಡ್ ಅಲ್ವಾ" ಅಂದರು. ಕಡಲೆಕಾಯಿ ಪರಿಷೆ ಮೋಡ್ ಅಂತ ಒಂದು ಇದ್ದಿದ್ದರೆ ಕಾರ್ತಿಕ ಮಾಸದಲ್ಲಾದರೂ ಉಪಯೋಗಕ್ಕೆ ಬರುತ್ತಿತ್ತು. ಅದು ಯಾವ ಎಂಡ್‌ನಲ್ಲೂ ಇಲ್ಲ.

ಗಾಡಿಗೆ ಕಾಡು ತೋರಿಸಬೇಕಲ್ಲ, ಕೊಲ್ಲೂರಿಗೆ ಹೊರಟೆವು. ದರ್ಶನ ಮುಗಿಸಿ ಕೊಡಚಾದ್ರಿ ಹತ್ತುವುದು ಅಂತ ಪ್ಲಾನ್. ಘಟ್ಟ ಬರುವವರೆಗೆ ಗಾಡಿ ಸುಮ್ಮನಿತ್ತು. ಘಟ್ಟದಲ್ಲಿ ಅದಕ್ಕೆ ಗಾಬರಿ ಶುರುವಾಯಿತು. ರಸ್ತೆಯ ಬಿಳಿ ಗೆರೆ ನೋಡಿಕೊಂಡು ಲೇನ್ ಕಾಯುವ ಜಾಣ ಗಾಡಿ ಅದು. ಇಲ್ಲಿ ಗೆರೆ ಮಳೆಯಲ್ಲಿ ಕೊಚ್ಚಿಹೋಗಿ ಯಾವ ಕಾಲವಾಯಿತೋ. ಪಾಪ, ಹುಡುಕಿತು, ಕೀಂ ಅಂತು, ಸ್ಟೀರಿಂಗ್ ನಡುಗಿಸಿತು. ಒಂದು ತಿರುವಿನಲ್ಲಿ ರಸ್ತೆ ಮಧ್ಯ ಹಸು ಮಲಗಿತ್ತು. ಗಾಡಿ ತಾನೇ ಬ್ರೇಕ್ ಹಾಕಿತು. ಅದು ಒಳ್ಳೆಯದೇ. ಆದರೆ ಹಸು ಏಳಲಿಲ್ಲ. ಏಳಿಸುವುದಕ್ಕೆ ಕೊನೆಗೆ ನಾನೇ ಇಳಿದೆ. ಆ ಫೀಚರ್ ಇನ್ನೂ ಬಂದಿಲ್ಲ.

ಕೊಲ್ಲೂರಿನಲ್ಲಿ ಕಂಡ ನೋಟ ಮಾತ್ರ ಮರೆಯುವ ಹಾಗಿಲ್ಲ. ಒಂದು ಕಡೆ ಫಳಫಳ ಹೊಳೆಯುವ ಫೋರ್ ಬೈ ಫೋರ್‌ಗಳ ಸಾಲು. ಎತ್ತರದ ಟೈರು, ಬೆನ್ನಿಗೆ ಸ್ಟೆಪ್ನಿ, ಕೆಲವಕ್ಕೆ ತಲೆ ಮೇಲೆ ನಾಲ್ಕು ನಾಲ್ಕು ದೀಪ. ಎಲ್ಲವೂ ಪಾರ್ಕಿಂಗ್‌ನಲ್ಲಿ. ಇನ್ನೊಂದು ಕಡೆ ಬಣ್ಣ ಹೋದ ಹಳೇ ಜೀಪುಗಳ ಸಾಲು. ಪಾರ್ಕಿಂಗ್‌ನ ಗಾಡಿಗಳಿಂದ ಇಳಿದವರೆಲ್ಲ ಈ ಜೀಪುಗಳಿಗೆ ಹತ್ತುತ್ತಿದ್ದಾರೆ! ನಾನು ಬಾಯಿ ತೆರೆಯುವ ಮೊದಲೇ ಭಾವ ಹೋಗಿ ಬಾಡಿಗೆ ಮಾತಾಡುತ್ತಿದ್ದರು.

"ಭಾವ, ನಮ್ಮ ಗಾಡಿ?"

"ನಿನಗೆ ತಲೆ ಇದೆಯಾ? ಪೇಂಟಿಗೆ ಗೀರು ಬೀಳುತ್ತೆ. ಬಂಪರಿನಲ್ಲಿ ಸೆನ್ಸರ್ ಇದೆ, ಕನ್ನಡಿ ಕೆಳಗೆ ಕ್ಯಾಮೆರಾ ಇದೆ. ಒಂದು ಕಲ್ಲು ತಗುಲಿದರೆ ಎಷ್ಟಾಗುತ್ತೆ ಗೊತ್ತಾ?"

ಅಂದರೆ ರಸ್ತೆ ಇಲ್ಲದ ಕಡೆ ಹೋಗುವುದಕ್ಕೆ ಅಂತಲೇ ಕೊಂಡ ಗಾಡಿಯನ್ನು, ಹುಷಾರಾಗಿ, ರಸ್ತೆ ಇರುವ ಕಡೆಯೇ ಬಿಟ್ಟು ಹೊರಟೆವು.

ನಮ್ಮ ಪಾಲಿಗೆ ಬಂದ ಜೀಪಿನ ವಯಸ್ಸು ಕೇಳಲಿಲ್ಲ. ಹೆಂಗಸರ ಹಾಗೆ ಅದಕ್ಕೂ ಮರ್ಯಾದೆ ಕೊಡಬೇಕು ಅನ್ನಿಸಿತು. ಎಂಟು ಜನ ತುಂಬಿದರು. ಸ್ಪೀಡೋಮೀಟರಿನ ಮುಳ್ಳು ಸೊನ್ನೆಯಲ್ಲೇ ಕೂತಿತ್ತು. ಅದರ ಲೆಕ್ಕದಲ್ಲಿ ನಾವು ಇನ್ನೂ ಹೊರಟೇ ಇಲ್ಲ. ಡಾಂಬರು ಮುಗಿದ ಕಡೆ ಡ್ರೈವರ್ ಇಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಹಬ್ ಅನ್ನುವ ಗುಂಡಿಯನ್ನು ನಲ್ಲಿ ತಿರುಗಿಸುವ ಹಾಗೆ ಕೈಯಲ್ಲೇ ತಿರುಗಿಸಿ ಲಾಕ್ ಮಾಡಿದ. ಬಂದು ಕೂತು ಚಿಕ್ಕ ಗೇರು ಎಳೆದ. ಮುಗಿಯಿತು, ಫೋರ್ ವೀಲ್ ಡ್ರೈವ್. "ಎಂತ ಆಗುದಿಲ್ಲ ಮಾರಾಯ್ರೆ, ಗಟ್ಟಿ ಹಿಡ್ಕೊಳ್ಳಿ" ಅಂದ. ಅದೇ ಅವನ ಓನರ್ಸ್ ಮ್ಯಾನ್ಯುಯಲ್.

ಆಮೇಲಿನದ್ದು ರಸ್ತೆಯಲ್ಲ. ಬಂಡೆ, ಕೆಂಪು ಕೆಸರು, ನೀರು ಕೊರೆದ ಕಾಲುವೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಅಷ್ಟೂ ಮೀಟರನ್ನು ನನ್ನ ಸೊಂಟ ಎಣಿಸಿತು. ಲೀಫ್ ಸ್ಪ್ರಿಂಗು, ಗಟ್ಟಿ ಆಕ್ಸಲ್, ಮನುಷ್ಯ ನಡೆಯುವ ವೇಗಕ್ಕೆ ಇಳಿಸುವ ಲೋ ಗೇರು. ಇಷ್ಟರಲ್ಲೇ ಜೀಪು ಬಂಡೆ ಮೇಲೆ ಕಾಲಿಟ್ಟು ಬಂಡೆ ಇಳಿಯುತ್ತದೆ. ಅರ್ಧ ದಾರಿಯಲ್ಲಿ ಒಮ್ಮೆ ನಿಂತೂ ಹೋಯಿತು. "ಡೀಸೆಲ್‌ನಲ್ಲಿ ಗಾಳಿ ಹಿಡಿದಿದೆ" ಅಂದ ಡ್ರೈವರ್. ಬಾನೆಟ್ ಎತ್ತಿ, ಒಂದು ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ನಾಲ್ಕು ಸಲ ಒತ್ತಿ ಗಾಳಿ ಬಿಟ್ಟ. ಬೀಡಿ ಮುಗಿಯುವುದರೊಳಗೆ ಹೊರಟೆವು. ಭಾವನ ಗಾಡಿ ನಿಂತಿದ್ದರೆ ಲ್ಯಾಪ್‌ಟಾಪ್ ಬೇಕು, ಲ್ಯಾಪ್‌ಟಾಪ್ ತರುವವನನ್ನು ಕರೆಯೋಕೆ ಟವರ್ ಬೇಕು. ಆ ಬೆಟ್ಟದ ದಾರಿಯಲ್ಲಿ ನನ್ನ ಫೋನಿಗೆ ಒಂದು ಗೀಟೂ ಸಿಕ್ಕಿರಲಿಲ್ಲ.

ಈ ಜೀಪಿನ ಮುತ್ತಜ್ಜ ವಿಲ್ಲೀಸ್. 1941ರಿಂದ ಅಮೆರಿಕದ ಸೈನ್ಯಕ್ಕೆ ಅಂತ ಮಾಡಿದ್ದು. 60 ಕುದುರೆ ಶಕ್ತಿ, ಮೂರು ಗೇರು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಡಚಿ ಮಲಗಿಸಬಹುದಿತ್ತು. ವೈಪರನ್ನು ಕೈಯಲ್ಲೇ ಆಡಿಸಬೇಕಿತ್ತು. ಈಗಿನ ಗಾಡಿಗಳಿಗೆ ಮಳೆ ಬಂದರೆ ತಾನೇ ಗೊತ್ತಾಗುತ್ತದಂತೆ. ಜೂನ್‌ನಿಂದ ಆಗುಂಬೆಯಲ್ಲಿ ಬಿಟ್ಟು ನೋಡಬೇಕು. ಅಲ್ಲಿ ಮಳೆ ನಿಂತಿದ್ದನ್ನು ಹೇಳುವ ಸೆನ್ಸರ್ ಇದ್ದರೆ ಸುದ್ದಿಯಾದೀತು. ಸ್ವಾತಂತ್ರ್ಯ ಬಂದ ಹೊತ್ತಿಗೇ ಮಹೀಂದ್ರಾದವರು ಇದೇ ವಿಲ್ಲೀಸನ್ನು ಇಲ್ಲಿ ಜೋಡಿಸುವುದಕ್ಕೆ ಶುರು ಮಾಡಿದರು. ಮಲೆನಾಡು, ಕೊಡಗಿನ ಎಸ್ಟೇಟುಗಳಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಕಾಫಿ ಮೂಟೆ, ಗೊಬ್ಬರ, ಬಾಣಂತಿ, ಮದುವೆ ದಿಬ್ಬಣ ಎಲ್ಲ ಹೊತ್ತಿವೆ. ಸನ್‌ರೂಫ್ ಕೇಳಿದವರಿಲ್ಲ. ಮೇಲಿನ ಬಟ್ಟೆಯ ಹುಡ್ ಬಿಚ್ಚಿದರೆ ಇಡೀ ಆಕಾಶ ಸಿಗುತ್ತಿತ್ತು.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಹಳೇ ಜೀಪಿನಲ್ಲಿ ಮುಂದೆ ಕೂತವರ ಹೊಟ್ಟೆಯೇ ಏರ್‌ಬ್ಯಾಗು. ಏರ್‌ಬ್ಯಾಗ್, ಬ್ರೇಕ್ ಹಾಕಿದಾಗ ಚಕ್ರ ಜಾರದ ಹಾಗೆ ಕಾಯುವ ಎಬಿಎಸ್, ಇವನ್ನು ನೋಡಿ ನಗುವವನು ನಾನಲ್ಲ. ನಗು ಬರುವುದು ನಮ್ಮನ್ನು ನೋಡಿ. ಮಾರುತಿ ಜಿಪ್ಸಿ 1985ರಲ್ಲಿ ಬಂತು, ಮೂರು ದಶಕ ಇತ್ತು. ನೆಚ್ಚಿಕೊಂಡಿದ್ದು ಸೈನ್ಯ, ಪೊಲೀಸು, ಸಫಾರಿಯವರು. ನಾವು ಫೋಟೋ ತೆಗೆಸಿಕೊಂಡೆವು. 2023ರಲ್ಲಿ ಮಾರುತಿಯದೇ ಐದು ಬಾಗಿಲಿನ ಜಿಮ್ನಿ ಬಂತು, ಎಲ್ಲ ಮಾಡೆಲ್‌ನಲ್ಲೂ ಫೋರ್ ಬೈ ಫೋರ್. "ಸನ್‌ರೂಫೇ ಇಲ್ಲವಲ್ಲ ರೀ" ಅಂತ ಮೂಗು ಮುರಿದವರನ್ನು ಕಣ್ಣಾರೆ ಕಂಡಿದ್ದೇನೆ.

ಅದೇ ವರ್ಷ ಜನವರಿಯಲ್ಲಿ ಮಹೀಂದ್ರಾದವರ ಥಾರ್‌ನ ಟೂ ಬೈ ಟೂ, ಅಲ್ಲ, ಫೋರ್ ಬೈ ಟೂ ಬಂತು. ಮೈಕಟ್ಟು ಪೂರ್ತಿ ಕಾಡಿನದು, ಓಡುವುದು ಹಿಂದಿನ ಎರಡೇ ಚಕ್ರದ ಬಲದಲ್ಲಿ. ಸುಮಾರು ಜನ ನಕ್ಕರು. ನನ್ನ ಪ್ರಕಾರ ಇಡೀ ಮಾರ್ಕೆಟ್ಟಿನಲ್ಲಿ ಪ್ರಾಮಾಣಿಕ ಗಾಡಿ ಅಂದರೆ ಅದೊಂದೇ. ಕೊಳ್ಳುವವರು ಎಲ್ಲಿಗೆ ಹೋಗುತ್ತಾರೆ ಅಂತ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಮಾಲ್‌ನ ಬೇಸ್‌ಮೆಂಟಿಗೆ ನಾಲ್ಕು ಚಕ್ರದ ಬಲ ಯಾಕೆ? 2024ರ ಆಗಸ್ಟ್ 15ಕ್ಕೆ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲಿ ದೊಡ್ಡ ಸನ್‌ರೂಫೂ ಸಿಗುತ್ತದೆ, ಸೀಟಿನಡಿಯಿಂದ ತಣ್ಣನೆ ಗಾಳಿಯೂ ಸಿಗುತ್ತದೆ. ಆದರೆ ಬಂದಾಗ ಪೆಟ್ರೋಲ್ ಬೇಕು ಅಂದವರಿಗೆ ಫೋರ್ ಬೈ ಫೋರ್ ಇರಲಿಲ್ಲ. ಯಾರೂ ಬೀದಿಗಿಳಿದು ಹೋರಾಡಲಿಲ್ಲ. ಸನ್‌ರೂಫ್ ಕಿತ್ತಿದ್ದರೆ ಗೊತ್ತಾಗುತ್ತಿತ್ತು.

ಇಂಗ್ಲೆಂಡಿನವರದ್ದು ಇನ್ನೂ ಮಜಾ. ಅಲ್ಲಿನ ಲ್ಯಾಂಡ್ ರೋವರ್ ಕಂಪನಿಯ ಹಳೇ ಡಿಫೆಂಡರ್ ಗಾಡಿಯ ತಯಾರಿಕೆ 2016ರ ಜನವರಿಯಲ್ಲಿ ನಿಂತುಹೋಯಿತು. ಜಿಮ್ ರಾಟ್‌ಕ್ಲಿಫ್ ಅನ್ನುವ ಕೋಟ್ಯಧೀಶರಿಗೆ ಸಂಕಟವಾಯಿತು. ಲಂಡನ್ನಿನ ಗ್ರೆನೇಡಿಯರ್ ಅನ್ನುವ ಪಬ್ಬಿನಲ್ಲಿ ಕೂತು, ಅಂಥದೇ ಸಾದಾ ಗಾಡಿ ತಾನೇ ಮಾಡುತ್ತೇನೆ ಅಂದರು. ಮಾಡಿಯೂ ಬಿಟ್ಟರು, ಪಬ್ಬಿನ ಹೆಸರನ್ನೇ ಇಟ್ಟರು. ಬೆಲೆ ನೋಡಿದರೆ ಸಾದಾ ಮನುಷ್ಯ ಹತ್ತಿರ ಸುಳಿಯುವ ಹಾಗಿಲ್ಲ. ಅಂಬಲಿಯನ್ನು ಬೆಳ್ಳಿ ಲೋಟದಲ್ಲಿ ಕೊಟ್ಟ ಹಾಗೆ.

ನಮ್ಮ ಬೆಂಗಳೂರು ಇಂಥ ಗಾಡಿಗಳಿಗೆ ಒಂದೇ ಒಂದು ಸಲ ನಿಜವಾದ ಪರೀಕ್ಷೆ ಇಟ್ಟಿತ್ತು. 2022ರ ಸೆಪ್ಟೆಂಬರ್. ಔಟರ್ ರಿಂಗ್ ರೋಡ್ ಕೆರೆಯಾಯಿತು. ಯಮಲೂರಿನ ಕಡೆ ಕೋಟಿ ಬೆಲೆಯ ಗಾಡಿಗಳು ವಿಲ್ಲಾಗಳ ಮುಂದೆ ಮುಳುಗಿ ನಿಂತವು. ಅವುಗಳಲ್ಲಿ ಕೆಲವು, ಆಳದ ನೀರು ದಾಟುತ್ತೇವೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಬ್ರೋಷರ್‌ನಲ್ಲಿ ಅಚ್ಚು ಹಾಕಿಸುವ ಜಾತಿಯವು. ಲ್ಯಾಪ್‌ಟಾಪ್ ಬ್ಯಾಗ್ ಎದೆಗವಚಿಕೊಂಡ ಎಂಜಿನಿಯರುಗಳನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರು. ಅದಕ್ಕೆ ಬ್ರೋಷರೇ ಇರಲಿಲ್ಲ.

ಕೊಡಚಾದ್ರಿಯಿಂದ ಇಳಿದು ಬಂದಾಗ ಸಂಜೆ. ಭಾವನ ಗಾಡಿ ಒಂದು ಧೂಳಿಲ್ಲದೆ ನಿಂತಿತ್ತು. ಧೂಳೆಲ್ಲ ನಮ್ಮ ಮೇಲಿತ್ತು. ಸೀಟು ಹಾಳಾಗುತ್ತದೆ ಅಂತ ಭಾವ ಟವೆಲ್ ಹಾಸಿದರು. ಜೀಪಿನ ಡ್ರೈವರ್ ಹತ್ತಿರ ಬಂದು ಕಿಟಕಿಯೊಳಗೆ ಇಣುಕಿದ. ಭಾವನಿಗೆ ಹುರುಪು ಬಂತು. ಅವನನ್ನು ಒಳಗೆ ಕೂರಿಸಿ ಒಂದೊಂದೇ ಬಟನ್ ತೋರಿಸಿದರು. ಸನ್‌ರೂಫ್ ತೆರೆದರು. ಸೀಟಿನ ಫ್ಯಾನ್ ಹಾಕಿ, "ನೋಡಿ, ಅಡಿಯಿಂದ ಗಾಳಿ" ಅಂದರು.

"ನಮ್ಮ ಜೀಪಿನಲ್ಲೂ ಬರ್ತದೆ ಸರ್. ತಳದಲ್ಲಿ ತೂತುಂಟು."

ಆದರೂ ಅವನ ಕಣ್ಣು ಅರಳಿತ್ತು. ಸ್ಟೀರಿಂಗ್ ಸವರಿ ನೋಡಿದ. "ಎಷ್ಟಾಯ್ತು ಸರ್ ಇದಕ್ಕೆ? ನಾನೂ ಇಂಥದೊಂದು ತಗೊಳ್ಬೇಕು ಅಂತ ಉಂಟು."

ಭಾವ ನನ್ನ ಕಡೆ ಗೆದ್ದ ನೋಟ ಬೀರಿದರು. "ನೋಡಿದೆಯಾ? ಬೆಟ್ಟ ಹತ್ತಿಸುವವನಿಗೇ ಇದರ ಬೆಲೆ ಗೊತ್ತು. ಬೆಟ್ಟಕ್ಕೆ ಸೂಪರ್ ಆಗುತ್ತೆ ಅಲ್ವೇನಪ್ಪಾ?"

"ಛೆ, ಬೆಟ್ಟಕ್ಕೆ ಯಾರಾದ್ರೂ ತರ್ತಾರಾ ಸರ್ ಇದನ್ನು?" ಅಂದ ಅವನು, ಇಳಿದು ಬಾಗಿಲನ್ನು ಮೆಲ್ಲಗೆ ಹಾಕುತ್ತಾ. "ಮದುವೆ ಮನೆಗೆ ಹೋಗುದಕ್ಕೆ."