ಪ್ರಜೆಗಳಿಗಿಂತ ಪಹರೆಯೇ ಹೆಚ್ಚು

ಗೌರಿಬಿದನೂರಿನ ಕೆಲವು ಕಾಲೇಜು ಹುಡುಗರು ಅಂತರ್ಜಾಲದಲ್ಲಿ ಒಂದು ಅಣಕು ಸರ್ಕಾರ ನಡೆಸುತ್ತಿದ್ದಾರೆ. ಆ ದೇಶಕ್ಕೆ ನೆಲವಿಲ್ಲ, ಗಡಿಯಿಲ್ಲ, ಖಜಾನೆಯಲ್ಲಿ ಕಾಸಿಲ್ಲ. ಸಚಿವರು ಹನ್ನೊಂದು ಮಂದಿ, ಪ್ರಜೆಗಳು ಏಳು. ಬಯಲುಸೀಮೆಯ ಮಕ್ಕಳಲ್ಲವೇ, ಅಣಕಿಗಾದರೂ ನಾಲ್ಕು ಕೆರೆ ತುಂಬಿಸಬಹುದಿತ್ತು. ನೀರಾವರಿ ಖಾತೆ ಯಾರಿಗೂ ಬೇಡವಾಯಿತು. ಗೃಹ ಖಾತೆಗೆ ಮಾತ್ರ ಐವರು ಕಿತ್ತಾಡಿದರು.

ಸಂವಿಧಾನವೂ ಇದೆ, ನಮ್ಮದರದೇ ನಕಲು. 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ ಕೊಡುವ ಸಾಲು ಸಣ್ಣಕ್ಷರದಲ್ಲಿದೆ, ಅದಕ್ಕೆ ನಿರ್ಬಂಧ ಹೇರಬಹುದೆನ್ನುವ ಸಾಲು ದಪ್ಪಕ್ಷರದಲ್ಲಿದೆ.

ಒಬ್ಬ ಪ್ರಜೆ ಕೇಳಿದ: "ಮುಂದಿನ ಚುನಾವಣೆ ಯಾವಾಗ, ಸ್ವಾಮಿ?" ಗೃಹ ಸಚಿವರಿಗೆ ಅದರಲ್ಲಿ ಚಿಂತಾಮಣಿಯ ಕೈವಾಡ ಕಂಡಿತು. ಅಲ್ಲಿಯ ಹುಡುಗರೂ ಇಂಥದ್ದೇ ಒಂದು ದೇಶ ಕಟ್ಟಿದ್ದಾರಂತೆ. ಕೂಡಲೇ ಆದೇಶ ಹೊರಟಿತು: ಪ್ರತಿಯೊಬ್ಬ ಪ್ರಜೆಯೂ ಆಧಾರ್ ಪ್ರತಿ, ಭಾವಚಿತ್ರ ಮತ್ತು ತಾಯಿಯ ಮೊಬೈಲ್ ಸಂಖ್ಯೆ ಒಪ್ಪಿಸತಕ್ಕದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವರು ಕೂಸಿನ ಬೆರಳಚ್ಚನ್ನೇ ಕೇಳಿದರು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದನ್ನು ಇನ್ನೊಬ್ಬ ಪ್ರಜೆ ನೆನಪಿಸಿದ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಎಂದೂ ಸೇರಿಸಿದ. ತೀರ್ಪು ನೆಲವಿರುವ ದೇಶಗಳಿಗಷ್ಟೇ ಅನ್ವಯ ಎಂಬ ಉತ್ತರ ಬಂತು. ಇವನಿಗೆ ಇಷ್ಟೊಂದು ಕಾನೂನು ಹೇಗೆ ಗೊತ್ತು ಎಂಬುದರ ಮೇಲೆ ತನಿಖೆಯೂ ಶುರುವಾಯಿತು.

ಆಮೇಲೆ ತುರ್ತು ಪರಿಸ್ಥಿತಿ. ಕಾರಣ: ಆಂತರಿಕ ಕ್ಷೋಭೆ. 1975ರಲ್ಲಿ ಕೊಟ್ಟಿದ್ದ ಈ ಕಾರಣವನ್ನು 1978ರ 44ನೇ ತಿದ್ದುಪಡಿ ತೆಗೆದುಹಾಕಿ, ಸಶಸ್ತ್ರ ಬಂಡಾಯವೇ ಆಗಿರಬೇಕು ಎಂದಿತು. ಹುಡುಗರು ನಕಲು ಮಾಡಿದ್ದು ಯಾರದೋ ತಾತನ ಕಪಾಟಿನ ಪುಸ್ತಕದಿಂದ. ಹಾಗಾಗಿ ಅಲ್ಲಿ ಕ್ಷೋಭೆ ಇನ್ನೂ ಗಟ್ಟಿಮುಟ್ಟಾಗಿದೆ.

ಇಬ್ಬರಿಗಿಂತ ಹೆಚ್ಚು ಪ್ರಜೆಗಳು ಒಂದೇ ಹೊತ್ತಿಗೆ ಆನ್‌ಲೈನ್ ಇರಕೂಡದೆಂದು ನಿಷೇಧಾಜ್ಞೆಯೂ ಬಿತ್ತು. ವಿದುರಾಶ್ವತ್ಥ ಇವರದೇ ತಾಲ್ಲೂಕು. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ. ಶಾಲೆಯಿಂದ ಸಾಲಾಗಿ ಕರೆದೊಯ್ದು ಸ್ಮಾರಕ ತೋರಿಸಿದ್ದರು. ಸಚಿವರಿಗೆ ಧ್ವಜ ಮರೆತಿದೆ, ನಿಷೇಧ ನೆನಪಿದೆ. ಹುಡುಗರನ್ನು ಬೈದು ಫಲವೇನು? ಆಳುವುದೆಂದರೆ ಹೆದರುವುದು ಮತ್ತು ಹೆದರಿಸುವುದು ಎಂದು ದಿನವೂ ಟಿವಿಯಲ್ಲಿ ನೋಡುತ್ತಲೇ ಬೆಳೆದವರು.

ಅಂದ ಹಾಗೆ, ಇಡೀ ರಾಷ್ಟ್ರದ ಪಾಸ್‌ವರ್ಡ್ ಗೃಹ ಸಚಿವರ ಹೆಸರು ಮತ್ತು 123. ಚಿಂತಾಮಣಿಯವರಿಗೆ ಅದು ಮೊದಲ ವಾರದಲ್ಲೇ ಗೊತ್ತಾಗಿತ್ತು. ಕದಿಯಲು ಏನೂ ಇಲ್ಲವೆಂದು ವಾಪಸು ಹೋದರು.

ಗಲಾಟೆ ಹೆಚ್ಚಾದಾಗ ಹಕ್ಕು ಮತ್ತು ಭದ್ರತೆಗಳ ಸಮತೋಲನಕ್ಕೆ ಸಮಿತಿ ರಚನೆಯಾಯಿತು: ಗೃಹ ಸಚಿವರು, ಉಪ ಗೃಹ ಸಚಿವರು ಮತ್ತು ಪ್ರಜಾ ಪ್ರತಿನಿಧಿ. ಮೂರನೆಯವರನ್ನು ಗಡೀಪಾರು ಮಾಡಿದ್ದರಿಂದ ವರದಿ ಸರ್ವಾನುಮತದಿಂದ ಅಂಗೀಕಾರವಾಗಿದೆ. ಅದರ ಪ್ರಕಾರ ಪ್ರಜೆಗಳ ಹಕ್ಕುಗಳು ಪೂರ್ಣ ಸುರಕ್ಷಿತ. ಯಾರ ಕೈಗೂ ಸಿಗದಂತೆ ಬೀಗ ಹಾಕಿ ಇಡಲಾಗಿದೆ.