ಎದೆಮಟ್ಟದ ಸ್ವಿಚ್ ಬೋರ್ಡ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರು ಮೊದಲು ತಮ್ಮ ಜಾತಕವನ್ನೆಲ್ಲ ಒಪ್ಪಿಸಬೇಕು. ಯಾವ ಊರು, ಯಾವ ಜನ, ಎಲ್ಲಿ ಕೆಲಸ, ಸಂಬಳ ಎಷ್ಟು? ಮದುವೆ ಆಗಿದೆಯಾ? ಆಗಿಲ್ಲ ಅಂದ್ರೆ ಯಾಕೆ ಆಗಿಲ್ಲ? ಮೊಟ್ಟೆ ತಿಂತೀರಾ? ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಾ? ಆಮೇಲೆ ಆಧಾರ್, ಪ್ಯಾನ್, ಆಫೀಸಿನ ಐಡಿ ಕಾರ್ಡ್, ಎಲ್ಲದರ ಜೆರಾಕ್ಸ್. ಇಷ್ಟೆಲ್ಲ ಆದ ಮೇಲೆ ಬಾಡಿಗೆದಾರ ಒಂದೇ ಒಂದು ಪ್ರಶ್ನೆ ಕೇಳುತ್ತಾನೆ. "ಸಾರ್, ಜೋರು ಮಳೆ ಬಂದ್ರೆ ಇಲ್ಲಿ ನೀರು ನುಗ್ಗುತ್ತಾ?"

"ಛೆ ಛೆ, ಇಲ್ಲೇನಿಲ್ಲ. ಅದೆಲ್ಲ ಆ ಕಡೆ ಕ್ರಾಸಲ್ಲಿ."

ಆ ಕಡೆ ಕ್ರಾಸಿಗೆ ಹೋಗಿ ಕೇಳಿ. ನೀರು ಈ ಕಡೆ ಕ್ರಾಸಲ್ಲಿ ನುಗ್ಗುತ್ತದೆ. ಬೆಂಗಳೂರಿನ ಮಳೆನೀರೆಲ್ಲ ಯಾವಾಗಲೂ ಪಕ್ಕದ ಕ್ರಾಸಲ್ಲೇ ಇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರಲ್ಲೂ ದೋಣಿ ಬಂತು, 2024ರಲ್ಲೂ ಬಂತು. 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಇವೆಲ್ಲ ಇಡೀ ದೇಶ ಟಿವಿಯಲ್ಲಿ ನೋಡಿದ ಗುಟ್ಟುಗಳು. ಪಾಲಿಕೆಯವರು ನೀರು ನುಗ್ಗುವ ಜಾಗಗಳ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ, 2025ರಲ್ಲಿ ಇನ್ನೂರಕ್ಕೂ ಜಾಸ್ತಿ ಇದ್ದವು. ಸರ್ಕಾರಕ್ಕೆ ಗೊತ್ತು, ಓನರ್‌ಗೆ ಗೊತ್ತು, ಬ್ರೋಕರ್‌ಗೆ ಗೊತ್ತು, ಮೂಲೆ ಅಂಗಡಿಯವರಿಗೆ ಗೊತ್ತು. ಗೊತ್ತಿಲ್ಲದವನು ಹತ್ತು ತಿಂಗಳ ಅಡ್ವಾನ್ಸ್ ಕೊಡುವವನೊಬ್ಬನೇ.

ಓನರ್ ಬಾಯಿ ಬಿಡದಿದ್ದರೂ ಅವರ ಮನೆ ಪಾಪ ಎಲ್ಲವನ್ನೂ ಹೇಳುತ್ತದೆ. ಗೇಟಿನ ಬುಡದಲ್ಲಿ ಮೊಣಕಾಲೆತ್ತರದ ಸಿಮೆಂಟ್ ದಿಬ್ಬ. ಇದ್ಯಾಕೆ ಸಾರ್? "ಬೀದಿನಾಯಿ ಬರ್ಬಾರ್ದು ಅಂತ." ಹಾಲ್‌ನ ಗೋಡೆಗೆ ನೆಲದಿಂದ ಮೂರಡಿ ಟೈಲ್ಸ್. "ಮಕ್ಕಳು ಗೀಚ್ತಾರಲ್ವಾ." ಮನೆಯ ಎಲ್ಲ ಪ್ಲಗ್ ಪಾಯಿಂಟ್‌ಗಳೂ ಎದೆಮಟ್ಟದಲ್ಲಿ. ಮೊಬೈಲ್ ಚಾರ್ಜಿಗೆ ಹಾಕಿದರೆ ಫೋನು ಗೋಡೆಯಲ್ಲಿ ನೇತಾಡುತ್ತದೆ. "ವಾಸ್ತು ಪ್ರಕಾರ ಮಾಡ್ಸಿರೋದು." ಯುಪಿಎಸ್ ಅಟ್ಟದ ಮೇಲೆ ಹತ್ತಿ ಕೂತಿದೆ. ಓನರ್ ಮಾತ್ರ ಮಂಡಿ ನೋವಿನ ಎಂಬತ್ತರ ತಾಯಿಯನ್ನು ದಿನಾ ಮೆಟ್ಟಿಲು ಹತ್ತಿಸಿಕೊಂಡು ಮೊದಲ ಮಹಡಿಯಲ್ಲಿದ್ದಾರೆ. ಯಾಕೆ ಅಂದರೆ, "ನಮ್ಮಮ್ಮಂಗೆ ಗಾಳಿ ಬೇಕು."

ಕರಾರು ಪತ್ರವನ್ನಂತೂ ಒಮ್ಮೆ ಓದಲೇಬೇಕು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ. ಒಡೆದ ನಲ್ಲಿ, ಗೀರು ಬಿದ್ದ ಬಾಗಿಲು, ಎಲ್ಲಕ್ಕೂ ಒಂದೊಂದು ಷರತ್ತು. ಮೊಳೆಯ ತೂತಿಗೆ ಇರುವ ಮರ್ಯಾದೆ ಮೂರಡಿ ನೀರಿಗಿಲ್ಲ. ಇಡೀ ಪತ್ರದಲ್ಲಿ ನೀರಿನ ಮಾತು ಬರುವುದು ಒಂದೇ ಕಡೆ. ನೀರಿನ ಖರ್ಚು ಬಾಡಿಗೆದಾರನದು. ಯಾವ ನೀರಿನದು ಅಂತ ಬಿಡಿಸಿ ಹೇಳಿಲ್ಲ. ಕರಾರು ಹನ್ನೊಂದು ತಿಂಗಳದು, ವರ್ಷ ದಾಟದಿದ್ದರೆ ನೋಂದಣಿಯ ತಾಪತ್ರಯ ಇಲ್ಲ ನೋಡಿ. ಫೆಬ್ರವರಿಯ ಬಿಸಿಲಲ್ಲಿ ಬಂದು ಸಹಿ ಹಾಕಿದವನಿಗೆ ಆ ಹನ್ನೊಂದರಲ್ಲಿ ಒಂದು ಪೂರ್ತಿ ಮಳೆಗಾಲ ಗ್ಯಾರಂಟಿ.

ಇದಕ್ಕೆ ಕಾನೂನೇ ಇಲ್ವಾ ಅನ್ನಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ ಈ ಜಾಗ ಪ್ರವಾಹ ವಲಯದಲ್ಲಿದೆಯೇ, ಹಿಂದೆ ನೀರು ನುಗ್ಗಿ ಹಾಳಾಗಿತ್ತೇ ಎಂದು ಓನರ್ ಕರಾರಿನಲ್ಲೇ ಬರೆದುಕೊಡಬೇಕು. ಅವರಿಗೆ ಈ ಬುದ್ಧಿ ಬಂದಿದ್ದು 2023ರಲ್ಲಿ. ನಮಗೆ 1882ರಲ್ಲೇ ಬಂದಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ನೋಡಿ. ಸ್ವತ್ತಿನಲ್ಲಿ ದೊಡ್ಡ ದೋಷವಿದ್ದು, ಅದು ಮಾಲೀಕನಿಗೆ ಗೊತ್ತಿದ್ದು ಬಾಡಿಗೆದಾರನಿಗೆ ಗೊತ್ತಿಲ್ಲದಿದ್ದರೆ ಮಾಲೀಕ ಹೇಳಲೇಬೇಕು. ಪ್ರವಾಹ ಬಂದು ಮನೆ ಶಾಶ್ವತವಾಗಿ ಹಾಳಾದರೆ ಕರಾರು ಬಿಟ್ಟು ಹೋಗುವ ಹಕ್ಕೂ ಅದೇ ಸೆಕ್ಷನ್‌ನಲ್ಲಿದೆ.

ಆದರೆ ಅದರಲ್ಲಿ ಎರಡು ಕಿಟಕಿ ತೆರೆದಿಟ್ಟಿದ್ದಾರೆ. ಮಾಮೂಲಿ ಎಚ್ಚರಿಕೆಯಿಂದ ನೋಡಿದರೆ ಬಾಡಿಗೆದಾರನಿಗೇ ಕಾಣುವಂಥ ದೋಷವಾದರೆ ಹೇಳಬೇಕಾಗಿಲ್ಲ. ಅಂದರೆ ಎದೆಮಟ್ಟದ ಸ್ವಿಚ್ ಬೋರ್ಡ್ ನೋಡಿಯೂ ನಿಮಗೆ ಅರ್ಥವಾಗಲಿಲ್ಲವೇ ಎಂದು ಓನರ್ ಕಡೆ ವಕೀಲರು ಕೇಳಬಹುದು. ಮುಚ್ಚಿಡಲು ಮಾಡಿದ ಏರ್ಪಾಟೇ ತಿಳಿಸಿದ ಲೆಕ್ಕ! ಇನ್ನೊಂದು ಕಿಟಕಿ ಸೆಕ್ಷನ್ನಿನ ಮೊದಲ ಸಾಲಲ್ಲೇ ಇದೆ. ಕರಾರಾಗಲಿ ಊರಿನ ರೂಢಿಯಾಗಲಿ ಬೇರೆ ಥರ ಇಲ್ಲದಿದ್ದರೆ ಮಾತ್ರ ಇದೆಲ್ಲ ಅನ್ವಯ. ಊರಿನ ರೂಢಿ ಏನು ಅಂತ ಮೇಲೆ ಹೇಳಿಯಾಯಿತು.

ಕೊನೆಗೆ ಒಂದು ರಾತ್ರಿ ನೀರು ಬಂದೇ ಬರುತ್ತದೆ. ಎರಡು ಗಂಟೆಗೆ ಮೇಲಿನಿಂದ ಓನರ್ ಫೋನ್ ಮಾಡುತ್ತಾರೆ. ಪರವಾಗಿಲ್ಲ, ಕಾಳಜಿ ಇದೆ ಅಂದುಕೊಂಡು ನೀವು ಫೋನ್ ಎತ್ತುತ್ತೀರಿ. "ಏನ್ರೀ, ಸಂಪಿನ ಮುಚ್ಚಳ ಹಾಕಿದೀರಾ? ಚರಂಡಿ ನೀರು ಸೇರ್ಕೊಂಡ್ರೆ ನಮಗೆ ಬೆಳಿಗ್ಗೆ ಸ್ನಾನಕ್ಕೆ ನೀರಿರಲ್ಲ." ನಿಮ್ಮ ಹಾಸಿಗೆ ಆಗಲೇ ಹಾಲ್‌ನಲ್ಲಿ ತೇಲುತ್ತಿರುತ್ತದೆ. ಮನೆ ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಕಟ್. ಗೋಡೆ ತುಂಬ ನೀರಿನ ಕಲೆ ಅಲ್ವಾ, ಕೊಟ್ಟ ಹಾಗೆಯೇ ವಾಪಸ್ ಕೊಡಬೇಕು ಅಂತ ಕರಾರಲ್ಲೇ ಇದೆ.

ಖಾಲಿ ಮಾಡದೆ ಅಲ್ಲೇ ಉಳಿದವರಿಗೆ ಸತ್ಯ ಕೇಳುವ ಭಾಗ್ಯವೂ ಇದೆ. ಪಾಲಿಕೆಯವರು ರಾಜಕಾಲುವೆಗೆ ತಡೆಗೋಡೆ ಕಟ್ಟಿದ ಮಾರನೇ ತಿಂಗಳೇ ಓನರ್ ಕೆಳಗಿಳಿದು ಬರುತ್ತಾರೆ. "ಮುಂಚೆ ಇಲ್ಲಿ ಪ್ರತಿ ವರ್ಷ ನೀರು ನುಗ್ತಿತ್ತು ಕಣ್ರೀ, ಸೊಂಟದವರೆಗೆ! ನಮ್ಮ ಫ್ರಿಜ್ಜೇ ಎರಡು ಸಲ ಹೋಯ್ತು. ಈಗ ಆ ತೊಂದ್ರೆ ಇಲ್ಲ, ಏರಿಯಾ ಡೆವಲಪ್ ಆಗಿದೆ. ಬರೋ ತಿಂಗಳಿಂದ ಎರಡು ಸಾವಿರ ಜಾಸ್ತಿ ಕೊಡಿ."