ಸ್ಕಾರ್ಲಟ್ಟಿಯನ್ನು ಪಿಯಾನೊದಲ್ಲಿ ಕೇಳುವ ಮೊದಲು

ಮಗನಿಗೆ 31 ವರ್ಷ. ಆಗ ಅಪ್ಪ ಕಾನೂನು ಪ್ರಕಾರ ಪತ್ರ ಮಾಡಿಸಿ ಅವನನ್ನು ತನ್ನ ಹಿಡಿತದಿಂದ ಬಿಟ್ಟುಕೊಟ್ಟ. ಇದು 1717ರ ಮಾತು. ಅಪ್ಪ ಅಲೆಸ್ಸಾಂಡ್ರೊ ಸ್ಕಾರ್ಲಟ್ಟಿ, ಇಟಲಿಯಲ್ಲಿ ಒಪೆರಾಗೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಕ್ಕೆ, ದೊಡ್ಡ ಹೆಸರು. ಮಗ ಡೊಮೆನಿಕೊ, ನೇಪಲ್ಸ್‌ನಲ್ಲಿ 1685ರಲ್ಲಿ ಹುಟ್ಟಿದವನು. ಸಂಗೀತದ ದಿಗ್ಗಜರಾದ ಬಾಖ್, ಹ್ಯಾಂಡೆಲ್ ಹುಟ್ಟಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಅಪ್ಪ ಕಳಿಸಿದ ಊರಿಗೆ ಹೋಗಿ, ಅಪ್ಪನ ಹಾಗೇ ಒಪೆರಾ ಬರೆದುಕೊಂಡಿದ್ದ. ಅವನ್ನು ಇವತ್ತು ಕೇಳುವವರು ತೀರಾ ಕಮ್ಮಿ, ನನ್ನ ಪ್ರಕಾರ ಅದರಲ್ಲಿ ಅನ್ಯಾಯ ಏನೂ ಇಲ್ಲ.

ಆಮೇಲೆ ಲಿಸ್ಬನ್‌ಗೆ ಹೋದ. ಪೋರ್ಚುಗಲ್ ದೊರೆಯ ಮಗಳು ಮರಿಯಾ ಬಾರ್ಬರಾಗೆ ಸಂಗೀತ ಪಾಠ ಹೇಳುವ ಕೆಲಸ. 1729ರಲ್ಲಿ ಆಕೆ ಸ್ಪೇನ್ ಯುವರಾಜನನ್ನು ಮದುವೆಯಾಗಿ ಹೊರಟಾಗ ಗುರುವೂ ಹಿಂದೆಯೇ ಹೊರಟ. ಮೊದಲು ಸೆವಿಲ್, 1733ರಿಂದ ಮ್ಯಾಡ್ರಿಡ್, 1757ರಲ್ಲಿ ಸಾಯುವ ತನಕ. ಒಪೆರಾದ ಗದ್ದಲ ಇಲ್ಲ, ಟಿಕೆಟ್ ಕೊಂಡವರನ್ನು ಮೆಚ್ಚಿಸುವ ಕಷ್ಟ ಇಲ್ಲ. ಎದುರಿಗೆ ಚೆನ್ನಾಗಿ ನುಡಿಸಬಲ್ಲ ಒಬ್ಬ ಶಿಷ್ಯೆ. ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್‌ಗೆ ಬರೆದ ಮೊದಲ 30 ಸೊನಾಟ (ಹಾಡಿಲ್ಲದ, ಬರೀ ನುಡಿಸುವ ಚಿಕ್ಕ ಕೃತಿಗಳು) ಅಚ್ಚಾಗಿದ್ದು 1738ರಲ್ಲಿ, ಅಷ್ಟು ಹೊತ್ತಿಗೆ ಇವನಿಗೆ ಐವತ್ತು ದಾಟಿತ್ತು. ಒಟ್ಟು ಸಿಕ್ಕಿರುವುದು 555! ಅವನ ಕೈಬರಹದ ಒಂದೂ ಉಳಿದಿಲ್ಲ. ಬಹುಪಾಲು ನಮಗೆ ದಕ್ಕಿದ್ದು ಮುಂದೆ ರಾಣಿಯಾದ ಆ ಶಿಷ್ಯೆಗಾಗಿ ನಕಲು ಮಾಡಿಸಿದ ಸಂಪುಟಗಳಿಂದ.

ಈಗ ನನ್ನ ತಕರಾರಿಗೆ ಬರ್ತೀನಿ. ಇವನನ್ನು ಎಲ್ಲರೂ ಮೊದಲು ಪಿಯಾನೊದಲ್ಲೇ ಕೇಳ್ತಾರೆ. ಹಾರ್ಪ್ಸಿಕಾರ್ಡ್‌ನಲ್ಲಿ ಮನೆ (ಕೀಲಿ) ಒತ್ತಿದರೆ ಒಳಗೆ ಹಕ್ಕಿಗರಿಯ ಸಣ್ಣ ಕಡ್ಡಿಯೊಂದು ತಂತಿಯನ್ನು ಮೀಟುತ್ತೆ. ಮೆಲ್ಲಗೆ ಒತ್ತಿದರೂ ಅಷ್ಟೇ, ಕುಟ್ಟಿದರೂ ಹೆಚ್ಚುಕಮ್ಮಿ ಅಷ್ಟೇ ಸದ್ದು. ಜೋರು ಬೇಕಾದರೆ? ಒಂದೇ ಏಟಿಗೆ ಜಾಸ್ತಿ ಸ್ವರ ತುಂಬಬೇಕು. ಡೊಮೆನಿಕೊ ತುಂಬಿದ, ಅದೂ ಒಂದಕ್ಕೊಂದು ಹೊಂದದ ಸ್ವರಗಳನ್ನೇ ತುರುಕಿದ. ಕೆ. 119 ಕೇಳಿ. (ಕೆ. ಅಂದರೆ ಕರ್ಕ್‌ಪ್ಯಾಟ್ರಿಕ್, 1953ರಲ್ಲಿ ಇವಕ್ಕೆಲ್ಲ ನಂಬರ್ ಕೊಟ್ಟ ವಿದ್ವಾಂಸ.) ನಡುವೆ ಸ್ವರಗಳ ರಾಶಿ ಬೆಳೀತಾ ಬೆಳೀತಾ ಕಿವಿಗೆ ಒರಟಾಗುತ್ತೆ, ಯಾರೋ ಸ್ಪೇನಿನ ಗಿಟಾರ್ ಮೇಲೆ ಐದೂ ಬೆರಳು ಎಳೆದ ಹಾಗೆ. ಪಿಯಾನೊದಲ್ಲಿ ಅದೇ ಸ್ವರಗಳು ಮೆತ್ತಗಾಗಿಬಿಡುತ್ತವೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇವನ್ನು ಅಚ್ಚು ಹಾಕಿಸಿದ ಲೊಂಗೊ ಅಂತೂ ಇಂಥ ಕಡೆಯೆಲ್ಲ ತಪ್ಪು ಅಂದುಕೊಂಡು ತಿದ್ದೇಬಿಟ್ಟ, ಪುಣ್ಯಾತ್ಮ!

ಕೆ. 141ರಲ್ಲಿ ಒಂದೇ ಮನೆಯ ಮೇಲೆ ಬೆರಳು ಬದಲಿಸುತ್ತಾ ಪಟಪಟ ಹೊಡೆಯಬೇಕು. ಮಾರ್ತಾ ಅರ್ಗೆರಿಚ್ ಪಿಯಾನೊದಲ್ಲಿ ನುಡಿಸಿದ್ದು ಅದ್ಭುತ, ಅದನ್ನು ಅಲ್ಲಗಳೆಯೋಕೆ ನನಗೇನು ಹುಚ್ಚಾ? ಆದರೆ ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಮೊದಲು ಹಾರ್ಪ್ಸಿಕಾರ್ಡ್, ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಿಕೊಂಡು.